ಇಳಿಜಾರಿನ ಗೇರು: ಸಂಡೂರು ಗುಡ್ಡದಿಂದ ಹೊಸಪೇಟೆ ಗ್ಯಾರೇಜಿನವರೆಗೆ

ಭಾಗ 1/9

ಫೋಟೋ: ಹಳೇ ಲಾರಿಯ ಗೇರ್ ಲಿವರ್. ಮೇಲಿನ ಗುಂಡಿಯ ಅಂಕಿಗಳು ಅಂಗೈ ತಿಕ್ಕಿ ತಿಕ್ಕಿ ಅಳಿಸಿಹೋಗಿವೆ.

"ಅಣ್ಣಾ, ಸೆಕೆಂಡ್ ಹ್ಯಾಂಡ್ ಪಿಕಪ್ ತಗಂಡೀನಿ. ಆಟೋಮ್ಯಾಟಿಕ್ ಐತೆ. ಈಗ ಗೇರ್‌ಬಾಕ್ಸ್ ಕೈ ಕೊಟ್ಟೈತೆ. ರಿಪೇರಿ ರೇಟು ಕೇಳಿ ತಲೆ ತಿರುಗ್ತು. ಕ್ಲಚ್ಚು-ಗೇರಿಗೆ ಮಾಡಿಸಿಬಿಡ್ಲಾ?"

ಕಂಪ್ಲಿಯ ಒಬ್ಬ ಹುಡುಗ ಕಳಿಸಿದ ಮೆಸೇಜು ಇದು. ಬಾಳೆಗೊನೆ, ಅಕ್ಕಿ ಮೂಟೆ ಹೇರಿಕೊಂಡು ಹೊಸಪೇಟೆ, ಸಂಡೂರು ಅಂತ ಓಡಾಡೋನು. ಗಾಡಿ ಮೇಲೆ ಸಾಲ ಇದೆ. ಗಾಡಿ ನಿಂತ ದಿನ ಕಂತು ನಿಲ್ಲಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಈ ಪೇಜಿನಲ್ಲಿ ನಮ್ಮ ಕಡೆಯ ಹಳೇ ರಸ್ತೆ, ಹಳೇ ಸೇತುವೆ, ಹಳೇ ಗಾಡಿಗಳ ಕತೆ ಬರೀತೀನಿ, ಅಷ್ಟೆ. ಆದ್ರೆ ಅವನ ಪ್ರಶ್ನೆ ತಲೇಲಿ ಕೂತುಬಿಡ್ತು. ಊರೆಲ್ಲ ಗೇರಿಂದ ಆಟೋಮ್ಯಾಟಿಕ್ ಕಡೆ ಹೋಗ್ತಿರುವಾಗ ಇವನು ಯಾಕೆ ಉಲ್ಟಾ ಬರೋಕೆ ನೋಡ್ತಿದಾನೆ?

ನಮ್ಮ ಕಡೆ ಚಿಕ್ಕ ಲೋಡ್ ಗಾಡಿ ಅಂದ್ರೆ ಗೇರಿನದ್ದೇ. 1986ರಲ್ಲಿ ಬಂದ ಟಾಟಾ 407, 1988ರ ಟಾಟಾಮೊಬೈಲ್, 2005ರ ಏಸ್, ಆಮೇಲೆ ಬೀದಿಗೊಂದರಂತೆ ಕಾಣೋ ಬೊಲೆರೊ ಪಿಕಪ್. ಇವುಗಳ ಮೇಲೆ ಕಲಿತವರ ಎಡಗಾಲು ಕ್ಲಚ್ಚಿನ ಮೇಲೇ ಬೆಳೆದದ್ದು. ಆಟೋಮ್ಯಾಟಿಕ್ ಪಿಕಪ್ ಇತ್ತೀಚಿನ ಮಾತು, ಅದೂ ಬೆರಳೆಣಿಕೆ.

ಆದ್ರೆ ಒಂದು ವಿಷ್ಯ ಕೇಳಿದ್ರೆ ಆಶ್ಚರ್ಯ ಆಗ್ತದೆ. ಸಂಡೂರು ಗುಡ್ಡದಲ್ಲಿ ಆಟೋಮ್ಯಾಟಿಕ್ ಗಾಡಿ ಹೊಸದಲ್ಲ, ದಶಕಗಳಿಂದ ಇದೆ. ಎಲ್ಲಿ ಅಂತ ಭಾಗ 6ರಲ್ಲಿ ಹೇಳ್ತೀನಿ. ಮೊದಲು ಗುಡ್ಡ ನೋಡೋಣ.

ಭಾಗ 2/9

ಫೋಟೋ: ಮಳೆಗಾಲ ಮುಗಿದ ಮೇಲಿನ ಸಂಡೂರು. ಸುತ್ತ ಗುಡ್ಡ, ನಡುವೆ ಊರು.

ಸಂಡೂರಿಗೆ ಹೋದೋರಿಗೆ ಗೊತ್ತು, ಊರು ಬಟ್ಟಲಿನೊಳಗೆ ಕೂತಂಗಿದೆ. ಸುತ್ತ ಗುಡ್ಡದ ಸಾಲು. ನಾರಿಹಳ್ಳ ಆ ಸಾಲನ್ನು ಸೀಳಿಕೊಂಡು ಹರಿಯೋ ಜಾಗಕ್ಕೆ 'ಗಂಡಿ' ಅಂತೀವಿ, ಭೀಮಗಂಡಿ ಥರ. ಅದಿರು ಇರೋದು ಗುಡ್ಡದ ಮೇಲೆ. ರೈಲು ಇರೋದು ಕೆಳಗೆ.

ಅಂದ್ರೆ ಇಲ್ಲಿ ಲೋಡು ಇಳೀತದೆ, ಖಾಲಿ ಗಾಡಿ ಏರ್ತದೆ. ಬೇರೆ ಊರಲ್ಲಿ ಗೇರಿನ ಬಗ್ಗೆ ಕೇಳಿದ್ರೆ "ಏರೋಕೆ ಬೇಕು" ಅಂತಾರೆ. ಇಲ್ಲಿ ಅದಕ್ಕಿಂತ ಹೆಚ್ಚಾಗಿ ಅದು ಇಳಿಯೋಕೆ ಬೇಕು.

ಒಂದು ಸಣ್ಣ ಲೆಕ್ಕ. ಲೋಡ್ ಸೇರಿ 10 ಟನ್ ತೂಗುವ ಗಾಡಿ 100 ಮೀಟರ್ ಎತ್ತರದಿಂದ ಕೆಳಗೆ ಬಂತು ಅಂದ್ಕೊಳ್ಳಿ. ವೇಗ ಏರಬಾರದು ಅಂದ್ರೆ ಅಷ್ಟೂ ಶಕ್ತಿಯನ್ನು ಯಾರಾದ್ರೂ ನುಂಗಬೇಕು. ಅದು ಸುಮಾರು 30 ಲೀಟರ್ ತಣ್ಣೀರನ್ನು ಕುದಿಯೋ ಹಂತಕ್ಕೆ ತರುವಷ್ಟು ಶಾಖ. ಬರೀ ಬ್ರೇಕ್ ಒತ್ತಿಕೊಂಡು ಬಂದ್ರೆ ಆ ಶಾಖವೆಲ್ಲ ಡ್ರಮ್ಮಿಗೆ. ಡ್ರಮ್ ಕಾದು ಲೈನರ್ ಹಿಡಿತ ಬಿಡ್ತದೆ. ಪೆಡಲ್ ಒತ್ತಿದ್ರೂ ಗಾಡಿ ನಿಲ್ಲಲ್ಲ. ಕೆಳಗಿನ ಗೇರಲ್ಲಿ ಇಳಿದ್ರೆ ಚಕ್ರ ಎಂಜಿನ್ನನ್ನು ತಿರುಗಿಸಬೇಕಾಗ್ತದೆ, ಆ ಎಂಜಿನ್ನೇ ಗಾಡಿಯನ್ನ ಹಿಂದಕ್ಕೆ ಜಗ್ತದೆ.

ಇದು ಎಂಜಿನ್ ಬರೋಕ್ಕಿಂತ ಹಳೇ ಸಮಸ್ಯೆ. ಹಂಪಿ ವಿರೂಪಾಕ್ಷನ ತೇರು ಎಳೆಯೋದು ನೋಡಿದೀರಲ್ಲ? ಹಗ್ಗ ಹಿಡಿದೋರು ನೂರಾರು ಜನ. ಆದ್ರೆ ಗಾಲಿ ಪಕ್ಕ ಮರದ ತುಂಡು ಹಿಡಿದು ನಡೆಯೋರ ಮೇಲೆ ಎಲ್ಲರ ಜೀವ ನಿಂತಿರ್ತದೆ. ಎಳೆಯೋಕೆ ನೂರು ಕೈ ಇದ್ರೂ ತಡೆಯೋಕೆ ಬಲ್ಲವನೇ ಬೇಕು.

ಭಾಗ 3/9

ಫೋಟೋ: ಅದಿರಿನ ಕೆಂಪು ಧೂಳು ಕೂತ ಹಳೇ ರಸ್ತೆ.

ಸಂಡೂರಲ್ಲಿ ಗಣಿ ಕೆಲಸ ದೊಡ್ಡ ಮಟ್ಟಕ್ಕೆ ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಆಗ ಇದು ಘೋರ್ಪಡೆ ಮನೆತನದ ಸಂಸ್ಥಾನ. ಬೆಲ್ಜಿಯಂ ಬಂಡವಾಳದ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸ್ ತೆಗೆಯೋಕೆ ಶುರು ಮಾಡ್ತು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತ್ಯಕ್ಕೆ ಸೇರ್ತು, 1953ರಲ್ಲಿ ಬಳ್ಳಾರಿ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಆ ಹೊತ್ತಿಗೆ ಈ ಕಡೆ ಹೊಸಪೇಟೆ ಪಕ್ಕದಲ್ಲಿ ತುಂಗಭದ್ರಾ ಡ್ಯಾಮ್ ಎದ್ದಿತ್ತು: 1945ರ ಫೆಬ್ರವರಿಯಲ್ಲಿ ಅಡಿಗಲ್ಲು, 1953ರಲ್ಲಿ ನೀರು. ಗಣಿ ಒಂದು ಕಡೆ, ಡ್ಯಾಮ್ ಒಂದು ಕಡೆ. ನಡುವಿನ ಹೊಸಪೇಟೆ ಲಾರಿ ಊರಾಗದೆ ಇನ್ನೇನಾಗಬೇಕಿತ್ತು?

ಆ ಕಾಲದಲ್ಲಿ ದೇಶದ ರಸ್ತೆಗಳಲ್ಲಿ ಓಡ್ತಿದ್ದದ್ದು ಬಹುಪಾಲು ಪೆಟ್ರೋಲ್ ಲಾರಿಗಳು. ಬಾಂಬೆಯಲ್ಲಿ 1928ರಿಂದ ಜನರಲ್ ಮೋಟರ್ಸ್ ಜೋಡಿಸುತ್ತಿದ್ದ ಷೆವರ್ಲೆ, ಜೊತೆಗೆ ಫೋರ್ಡ್, ಡಾಡ್ಜ್, ಫಾರ್ಗೋ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ವಿಲೇವಾರಿ ಮಾಡಿದ ಲಾರಿಗಳೂ ಪೇಟೆಗೆ ಬಂದವು.

ಹೆಚ್ಚಿನವುಗಳಲ್ಲಿ ಇದ್ದದ್ದು 'ಕ್ರ್ಯಾಶ್' ಗೇರ್‌ಬಾಕ್ಸು. ಹಲ್ಲಿನ ಚಕ್ರವನ್ನೇ ಸರಿಸಿ ಇನ್ನೊಂದು ಹಲ್ಲಿನ ಚಕ್ರಕ್ಕೆ ಕೂಡಿಸೋದು. ಈ ವಿಧಾನ 1890ರ ದಶಕದ ಫ್ರಾನ್ಸಿನ ಪನಾರ್-ಲೆವಾಸೋರ್ ಕಂಪನಿಯದ್ದು. "ಒರಟು, ಆದ್ರೆ ಕೆಲಸ ಮಾಡ್ತದೆ" ಅಂತ ಅಲ್ಲಿಯವರೇ ಅಂದಿದ್ರಂತೆ.

ಅದನ್ನು ಓಡಿಸೋದು ಹಿಂಗೆ: ಕ್ಲಚ್ ಒತ್ತು, ನ್ಯೂಟ್ರಲ್‌ಗೆ ತಾ, ಕ್ಲಚ್ ಬಿಡು, ಎಕ್ಸಲೇಟರ್ ಒಂದು ಸಲ ಕೊಟ್ಟು ಎಂಜಿನ್ ಏರಿಸು, ಮತ್ತೆ ಕ್ಲಚ್ ಒತ್ತು, ಆಮೇಲೆ ಕೆಳಗಿನ ಗೇರು. ಇದೇ ಡಬಲ್ ಕ್ಲಚ್. ಸಮತಟ್ಟಿನಲ್ಲಿ ತಪ್ಪಿದ್ರೆ "ಕರ್ರ್" ಅಂತ ಸದ್ದು, ಪಕ್ಕದ ಕ್ಲೀನರ್ ನಗ್ತಾನೆ. ಲೋಡ್ ಹೊತ್ತು ಇಳಿಜಾರಲ್ಲಿ ತಪ್ಪಿದ್ರೆ ಗಾಡಿ ನ್ಯೂಟ್ರಲ್‌ನಲ್ಲೇ ಉಳೀತದೆ. ವೇಗ ಏರ್ತಾ ಹೋದಂಗೆ ಗೇರು ಕೂರೋದು ಇನ್ನೂ ಕಷ್ಟ. ಅದಕ್ಕೇ ಹಳೇ ಡ್ರೈವರ್‌ಗಳ ಮಾತು ಒಂದೇ: ಯಾವ ಗೇರಲ್ಲಿ ಏರ್ತೀಯೋ ಅದೇ ಗೇರಲ್ಲಿ ಇಳಿ. ಗೇರನ್ನ ಗುಡ್ಡದ ತಲೆ ಮೇಲೇ ಹಾಕ್ಕೊ, ಅರ್ಧದಲ್ಲಿ ಹುಡುಕಬೇಡ.

ಭಾಗ 4/9

ಫೋಟೋ: ಹಳೇ ಟಾಟಾ ಲಾರಿಯ ಮೂತಿ.

ಈಗ ಸ್ವಲ್ಪ ಅಮೆರಿಕಕ್ಕೆ ಹೋಗಿಬರೋಣ. ಯಾಕಂದ್ರೆ ಗೇರು ಮತ್ತು ಆಟೋಮ್ಯಾಟಿಕ್ ಅನ್ನೋ ಜಗಳದ ಎರಡೂ ಕಡೆ ಒಬ್ಬನೇ ಮನುಷ್ಯ ಇದಾನೆ. ಹೆಸರು ಅರ್ಲ್ ಥಾಂಪ್ಸನ್.

ಗೇರು ಹಾಕುವಾಗಿನ "ಕರ್ರ್" ಸದ್ದು ತಪ್ಪಿಸೋಕೆ ಅವನು ಕಂಡುಹಿಡಿದದ್ದು ಸಿಂಕ್ರೋಮೆಶ್. ಹಲ್ಲು ಕೂಡೋಕ್ಕೆ ಮುಂಚೆ ಒಂದು ಸಣ್ಣ ಕೋನ್ ಉಜ್ಜಿ ಎರಡೂ ಕಡೆ ವೇಗ ಸಮ ಮಾಡ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಅದು ಬಂತು. ಅದೇ ಥಾಂಪ್ಸನ್ ಮುಂದೆ ಜನರಲ್ ಮೋಟರ್ಸ್‌ನಲ್ಲಿ ಹೈಡ್ರಾಮ್ಯಾಟಿಕ್ ತಯಾರಿಸಿದ ತಂಡವನ್ನ ನಡೆಸಿದ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅದು. 1939ರಲ್ಲಿ ಮಾರಾಟಕ್ಕೆ ಬಂತು, ಯುದ್ಧದಲ್ಲಿ ಅಮೆರಿಕದ ಎಂ5 ಟ್ಯಾಂಕಿನೊಳಗೂ ಹೋಯ್ತು.

1954 ಅನ್ನೋ ವರ್ಷ ನೆನಪಿಡಿ.

ಆ ವರ್ಷ ಅಮೆರಿಕದಲ್ಲಿ ಷೆವರ್ಲೆ ಪಿಕಪ್ ಕೊಳ್ಳೋ ರೈತ ಹೆಚ್ಚು ದುಡ್ಡು ಕೊಟ್ಟು ಹೈಡ್ರಾಮ್ಯಾಟಿಕ್ ಹಾಕಿಸಿಕೊಳ್ಳಬಹುದಿತ್ತು. ಅದೇ ವರ್ಷ ಜನರಲ್ ಮೋಟರ್ಸ್ ಭಾರತದಲ್ಲಿ ಜೋಡಿಸೋದು ನಿಲ್ಲಿಸಿ ಹೊರಟಿತು. ಅದೇ ವರ್ಷ ಟೆಲ್ಕೋ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಷೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿ ಹೊರಬಿಟ್ಟಿತು. ಅದೇ ವರ್ಷ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು.

ಅಲ್ಲಿ ಪೆಟ್ರೋಲ್ ಅಗ್ಗ, ರಸ್ತೆ ನೆಟ್ಟಗೆ, ಡ್ರೈವರ್ ಸಂಬಳ ದುಬಾರಿ. ಇಲ್ಲಿ ಡೀಸೆಲ್ಲಿನ ಒಂದೊಂದು ಲೀಟರೂ ಲೆಕ್ಕ, ಹೊರದೇಶದ ಪಾರ್ಟ್ಸಿಗೆ ಲೈಸೆನ್ಸು, ಡ್ರೈವರ್ ಕೂಲಿ ಕಮ್ಮಿ. ಹಂಗಾಗಿ ನಮ್ಮ ಲಾರಿಗಳು ಡೀಸೆಲ್ ಆದವು, ಗೇರು ಕೈಯಲ್ಲೇ ಉಳೀತು.

ಭಾಗ 5/9

ಫೋಟೋ: ಚೈನ್ ಪುಲ್ಲಿಗೆ ನೇತಾಕಿದ ಗೇರ್‌ಬಾಕ್ಸ್, ಹೊಸಪೇಟೆ.

ಕಂಪನಿ ಕೊಟ್ಟ ಗಾಡಿಯನ್ನ ಬಿಚ್ಚಿ ಬೇರೆ ಮಾಡೋದು ನಮ್ಮ ದೇಶದ ಗ್ಯಾರೇಜಿಗೆ ಹೊಸ ವಿದ್ಯೆ ಅಲ್ಲ. 1950ರ ದಶಕದಲ್ಲೇ ಪೆಟ್ರೋಲ್ ಲಾರಿಗಳ ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸ್ತಿದ್ರು. ಆ ಎಂಜಿನ್ ಮದ್ರಾಸಿನ ಸಿಂಪ್ಸನ್ ಕಂಪನಿಯಲ್ಲೇ ತಯಾರಾಗ್ತಿತ್ತು. ಲಾರಿ ಅಮೆರಿಕದ್ದು, ಹೃದಯ ಮದ್ರಾಸಿನದ್ದು. ಮುಂದೆ ಜೀಪು, ಅಂಬಾಸಿಡರ್‌ಗಳಿಗೂ ಇದೇ ಆಪರೇಷನ್ ಆಯ್ತು. ಅದರ ಹಿಂದೆ ಇದ್ದದ್ದು ಶೋಕಿ ಅಲ್ಲ, ದಿನದ ಕೊನೆಗೆ ಕೈಯಲ್ಲಿ ಉಳಿಯೋ ದುಡ್ಡು.

ಗೇರ್‌ಬಾಕ್ಸ್ ಇಳಿಸೋದು ನಮ್ಮ ಗ್ಯಾರೇಜುಗಳಲ್ಲಿ ದಿನದ ಕೆಲಸ. ಬೆಳಗ್ಗೆ ಗಾಡಿ ಬಂದ್ರೆ ಕ್ಲೀನರ್ ಕೆಳಗೆ ನುಗ್ತಾನೆ, ಶಾಫ್ಟಿನ ಬೋಲ್ಟ್ ಬಿಚ್ತಾನೆ, ಬಾಕ್ಸ್ ನೆಲಕ್ಕೆ ಬರ್ತದೆ. ಮೇಸ್ತ್ರಿ ಕವರ್ ತೆಗೆದು ಹಲ್ಲು ನೋಡ್ತಾನೆ. ಬೇರಿಂಗ್ ಹೋಗಿದ್ರೆ ಬೇರಿಂಗ್, ಒಂದು ಗೇರಿನ ಹಲ್ಲು ಮುರಿದಿದ್ರೆ ಅದೊಂದೇ ಗೇರು. ಕ್ಲಚ್ ಪ್ಲೇಟಿನ ಲೈನಿಂಗ್ ಸವೆದಿದ್ರೆ ಹಳೇದನ್ನ ಕಿತ್ತು ಹೊಸದಕ್ಕೆ ರಿವೆಟ್ ಹೊಡೆಯೋದೂ ಇತ್ತು. ಏನು ಹೋಗಿದೆ ಅಂತ ಕಣ್ಣಿಗೆ ಕಾಣ್ತದೆ, ಮಾಲೀಕನಿಗೂ ತೋರಿಸಬಹುದು. "ನೋಡಪ್ಪ, ಇದು ಹೋಗೈತೆ" ಅಂದ್ರೆ ವ್ಯವಹಾರ ಮುಗೀತು.

ಆಟೋಮ್ಯಾಟಿಕ್ ಬಾಕ್ಸ್ ಹಂಗಲ್ಲ. ಒಳಗೆ ಎಣ್ಣೆಯ ಒತ್ತಡ, ಅದನ್ನು ಹಂಚುವ ಕಾಲುವೆಗಳ ಜಾಲ, ವಿದ್ಯುತ್ ವಾಲ್ವುಗಳು, ತೆಳ್ಳನೆ ಕ್ಲಚ್ ಪದರಗಳು, ಎಲ್ಲಕ್ಕೂ ಅಪ್ಪಣೆ ಕೊಡೋ ಒಂದು ಪುಟ್ಟ ಕಂಪ್ಯೂಟರ್. ತಪ್ಪು ಎಲ್ಲಿದೆ ಅಂತ ಕಣ್ಣಿಗಿಂತ ಮೊದಲು ಸ್ಕ್ಯಾನರ್ ಹೇಳಬೇಕು. ಬಿಚ್ಚೋ ಜಾಗದಲ್ಲಿ ಧೂಳು ಇರಬಾರದು. ಹೊಸಪೇಟೆ-ಸಂಡೂರಲ್ಲಿ ಧೂಳಿಲ್ಲದ ಜಾಗ? ನೀವೇ ಹೇಳಿ.

ಭಾಗ 6/9

ಫೋಟೋ: ದೂರದಿಂದ ದೋಣಿಮಲೈ.

ಈಗ ಮೊದಲ ಭಾಗದಲ್ಲಿ ಹೇಳಿದ ಆಶ್ಚರ್ಯ.

1977ರಲ್ಲಿ ಎನ್‌ಎಂಡಿಸಿ ದೋಣಿಮಲೈ ಕಬ್ಬಿಣದ ಅದಿರಿನ ಗಣಿ ಶುರು ಮಾಡ್ತು. ಯಂತ್ರಗಳಿಂದಲೇ ನಡೆಯುವ ದೊಡ್ಡ ಗಣಿ ಅದು. ಅಂಥ ಗಣಿಗಳೊಳಗೆ ಅದಿರು ಹೊರೋದು ರಸ್ತೆ ಲಾರಿ ಅಲ್ಲ, ಆಳೆತ್ತರದ ಚಕ್ರದ ಡಂಪರ್. 1964ರಲ್ಲಿ ಹುಟ್ಟಿದ ನಮ್ಮ ರಾಜ್ಯದ ಬಿಇಎಂಎಲ್ ಕಂಪನಿ ಮೈಸೂರಿನಲ್ಲಿ ಕಟ್ಟೋದು ಇಂಥವನ್ನೇ.

ಈ ವರ್ಗದ ಡಂಪರ್‌ಗಳಲ್ಲಿ ಕ್ಲಚ್ ಪೆಡಲ್ ಇರಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನ ಹಾಕಿದ್ರೆ, ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ? ಅದೇ ತತ್ವ, ಗಾಳಿ ಬದಲು ಎಣ್ಣೆ. ಇಳಿಯೋಕೆ ರಿಟಾರ್ಡರ್ ಅಂತ ಬೇರೆ ವ್ಯವಸ್ಥೆ. ಎಣ್ಣೆಯೊಳಗೆ ತಿರುಗುವ ರೆಕ್ಕೆಗಳು ಗಾಡಿಯ ವೇಗ ತಿಂದು ಶಾಖ ಮಾಡ್ತವೆ, ಆ ಶಾಖವನ್ನ ರೇಡಿಯೇಟರ್ ಹೊರಗೆ ಹಾಕ್ತದೆ. ಬ್ರೇಕಿಗೆ ಹೊರೆ ಬೀಳಲ್ಲ.

ಅಂದ್ರೆ ಗುಡ್ಡಕ್ಕೆ ಆಟೋಮ್ಯಾಟಿಕ್ ಆಗಲ್ಲ ಅನ್ನೋ ಮಾತು ಸುಳ್ಳು. ಗುಡ್ಡದ ಅತಿ ಭಾರದ ಗಾಡಿಗಳಿಗೆ ಅದೇ ಒಗ್ಗಿದ್ದು.

ಹಂಗಾದ್ರೆ ಗೇಟಿನ ಹೊರಗಿನ ಲಾರಿ ಯಾಕೆ ಐವತ್ತು ವರ್ಷ ಗೇರಿನದ್ದೇ ಉಳೀತು? ಗೇಟಿನ ಒಳಗೆ ಕಂಪನಿಯ ವರ್ಕ್‌ಶಾಪ್ ಇದೆ, ಸ್ಟೋರ್ ಇದೆ, ಇಷ್ಟು ಗಂಟೆ ಓಡಿದ್ರೆ ಎಣ್ಣೆ ಬದಲಾಯಿಸಲೇಬೇಕು ಅನ್ನೋ ಪುಸ್ತಕ ಇದೆ, ಟ್ರೇನಿಂಗ್ ಆದ ಮೆಕ್ಯಾನಿಕ್ ಇದಾನೆ. ಒಂದು ಡಂಪರ್ ನಿಂತ್ರೆ ಇನ್ನೊಂದು ಓಡ್ತದೆ. ಗೇಟಿನ ಹೊರಗೆ ಒಬ್ಬನೇ ಮಾಲೀಕ, ಒಂದೇ ಲಾರಿ, ಒಂದು ಸಾಲ. ಅವನ ಸ್ಟೋರು, ಪುಸ್ತಕ, ಇಂಜಿನಿಯರ್ ಎಲ್ಲ ಆ ಹೊಸಪೇಟೆ ಮೇಸ್ತ್ರಿನೇ.

ಗುಡ್ಡ ಎರಡು ಕಡೆಗೂ ಒಂದೇ. ಬೇರೆ ಇದ್ದದ್ದು ರಿಪೇರಿ ಯಾರ ಕೈಯಲ್ಲಿದೆ ಅನ್ನೋದು.

ಭಾಗ 7/9

ಫೋಟೋ: ಸಾಲಾಗಿ ನಿಂತ ಲಾರಿಗಳು.

2000ದ ನಂತರದ ಆ ವರ್ಷಗಳು ನಮ್ಮ ಕಡೆಯವರಿಗೆ ಮರೆಯೋಕಾಗಲ್ಲ. ಚೀನಾಕ್ಕೆ ಅದಿರು ಬೇಕಾಯ್ತು, ರೇಟು ಏರ್ತು. ಹೊಲ ಇದ್ದೋರು ಹೊಲ ಅಡ ಇಟ್ಟು ಲಾರಿ ತಗೊಂಡ್ರು. ಹೊಸಪೇಟೆ, ಸಂಡೂರು, ತೋರಣಗಲ್ಲು ರಸ್ತೆಗಳಲ್ಲಿ ಬಂಪರಿಗೆ ಬಂಪರ್. ಗಿಡದ ಎಲೆನೂ ಕೆಂಪು.

ಲೆಕ್ಕಕ್ಕಿಂತ ಹೆಚ್ಚು ಲೋಡು, ನಿದ್ದೆ ಇಲ್ಲ, ಟ್ರಿಪ್ ಲೆಕ್ಕದ ಕೂಲಿ. ಡೀಸೆಲ್ ಉಳಿಸೋಕೆ ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಬಿಡೋರೂ ಇದ್ರು. ಹಳಬರು ಯಾವುದು ಮಾಡಬೇಡ ಅಂತ ತಲೆತಲಾಂತರ ಹೇಳಿದ್ರೋ, ಅದೇ. ಸಾಲಲ್ಲಿ ಗಾಡಿ ಅಂಗುಲ ಅಂಗುಲ ಜರುಗುವಾಗ ಹಾಫ್ ಕ್ಲಚ್ಚಲ್ಲೇ ಇಡೀ ರಾತ್ರಿ. ಎಡ ಮಂಡಿ ನೋವು ಅಂತ ಇವತ್ತಿಗೂ ಹೇಳೋ ಡ್ರೈವರ್‌ಗಳು ಎಷ್ಟೋ ಜನ. ಗೇರಿನ ಹೊಗಳಿಕೆ ಮಾಡುವಾಗ ಆ ಮಂಡಿಯನ್ನ ಮರೀಬಾರದು.

2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆ ಆಯ್ತು. ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯೋಕೆ ಬಿಟ್ಟಿತು. 2013ರ ಏಪ್ರಿಲ್‌ನಲ್ಲಿ ಎ ಮತ್ತು ಬಿ ವರ್ಗದ ಗಣಿಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟು, ಸಿ ವರ್ಗದ ಗುತ್ತಿಗೆಗಳನ್ನ ರದ್ದು ಮಾಡ್ತು.

ಅಗೆದ ಗುಡ್ಡ ನೋಡಿದೋರು ಯಾರೂ ಆ ತೀರ್ಪು ತಪ್ಪು ಅನ್ನಲ್ಲ. ಆದ್ರೆ ಒಂದೇ ಲಾರಿ ಇದ್ದೋನ ಲಾರಿ ಮನೆ ಮುಂದೆ ನಿಂತುಬಿಡ್ತು. ಕಂತು ಕಟ್ಟಲಾಗದೆ ಹೋದ ಗಾಡಿಗಳೆಷ್ಟೋ. ಉಳಿದೋರು ಭತ್ತ, ಕಬ್ಬು, ಬಾಳೆ, ಇಟ್ಟಿಗೆ ಹೊರೋ ಚಿಕ್ಕ ಗಾಡಿಗೆ ಬಂದ್ರು. ಕಂಪ್ಲಿ ಹುಡುಗನ ಕೆಲಸವೂ ಆ ಸಾಲಿನದ್ದೇ.

ಭಾಗ 8/9

ಫೋಟೋ: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್.

ಸರಿ, ಈಗ ಅವನ ಪ್ರಶ್ನೆ. ಆಟೋಮ್ಯಾಟಿಕ್ಕನ್ನ ಗೇರಿಗೆ ಮಾಡೋಕೆ ಏನೇನು ಬೇಕು? ತಿಳಿದ ಮೇಸ್ತ್ರಿ ಒಬ್ಬರ ಹತ್ರ ಕೂತು ಬರ್ಕೊಂಡೆ.

ಗೇರ್‌ಬಾಕ್ಸ್ ಒಂದೇ ತಂದ್ರೆ ಆಗಲ್ಲ. ಆಟೋಮ್ಯಾಟಿಕ್ ಎಂಜಿನ್ನಿನ ಹಿಂದೆ ಇರೋದು ತೆಳ್ಳನೆ ತಗಡಿನಂಥ ಪ್ಲೇಟ್. ಕ್ಲಚ್ ಹಿಡಿಯೋಕೆ ಭಾರದ ಫ್ಲೈವೀಲ್ ಬೇಕು. ಕ್ರ್ಯಾಂಕಿನ ತುದಿಗೆ ಪೈಲಟ್ ಬೇರಿಂಗ್ ಬೇಕು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್. ಕಾಲ ಹತ್ರ ಪೆಡಲ್ ಸೆಟ್ಟು, ಅದಕ್ಕೆ ಮೇಲೊಂದು ಕೆಳಗೊಂದು ಸಿಲಿಂಡರ್, ಪೈಪು. ಲಿವರ್ ಬರೋ ಜಾಗದಲ್ಲಿ ನೆಲದ ತಗಡಿಗೆ ತೂತು. ಬಾಕ್ಸಿನ ಉದ್ದ ಬೇರೆ ಆದ್ರೆ ಅದು ಕೂರೋ ಅಡ್ಡಪಟ್ಟಿ ಜರುಗಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿಯೋ ಉದ್ದ ಮಾಡಿಯೋ ಬ್ಯಾಲೆನ್ಸ್ ಮಾಡಿಸಬೇಕು.

ಇಷ್ಟೂ ಹೊಸಪೇಟೆಯಲ್ಲಿ ಆಗೋ ಕೆಲಸ. ಕಬ್ಬಿಣ ನಮಗೆ ಹೊಸದಲ್ಲ.

ತೊಡಕು ವೈರಿನದ್ದು. ಈಗಿನ ಗಾಡಿಯಲ್ಲಿ ಎಂಜಿನ್ ಕಂಪ್ಯೂಟರ್ ಗೇರ್‌ಬಾಕ್ಸ್ ಕಂಪ್ಯೂಟರ್ ಜೊತೆ ಮಾತಾಡ್ತಾನೇ ಇರ್ತದೆ. ಆ ಕಡೆಯಿಂದ ಉತ್ತರ ಬರದೇ ಇದ್ರೆ ಮೀಟರ್ ತುಂಬ ಲೈಟ್ ಉರೀತವೆ. ಕೆಲವು ಗಾಡಿ ಸ್ಟಾರ್ಟೇ ಆಗಲ್ಲ, ಕೆಲವು ಶಕ್ತಿ ಕಡಿಮೆ ಮಾಡಿಕೊಂಡು ಕುಂಟ್ತವೆ. ಅದೇ ಮಾಡೆಲ್ಲಿನ ಗೇರ್ ಗಾಡಿಯ ಕಂಪ್ಯೂಟರ್, ವೈರಿಂಗ್ ಸಮೇತ ಸಿಕ್ಕಿದ್ರೆ ಒಂದು ದಾರಿ. ಅಂದ್ರೆ ಒಂದು ಪೂರ್ತಿ ಗುಜರಿ ಗಾಡಿನೇ ಬೇಕು.

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಬಂದ ಎಎಂಟಿ ಬೇರೆ ಜಾತಿ. ಅದರ ಒಳಗೆ ಇರೋದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತೋ ಕೆಲಸ, ಗೇರು ಬದಲಾಯಿಸೋ ಕೆಲಸ ಎರಡೂ ಯಂತ್ರದ್ದು. ಎರಡನ್ನೂ ಒಂದೇ ಅಂದ್ಕೊಂಡು ರೇಟು ಕೇಳಬೇಡಿ.

ಇನ್ನೊಂದು ಮಾತು ಮೇಸ್ತ್ರಿ ಹೇಳಿದ್ರು. "ಇಳಿಯುವಾಗ ಹಿಡಿತ ಇರಲ್ಲ ಅಂತ ಹುಡುಗ್ರು ಆಟೋಮ್ಯಾಟಿಕ್ಕಿಗೆ ಬೈತಾರೆ. ಅದರಾಗೂ ಕೈಯಿಂದ ಕೆಳಗಿನ ಗೇರಿಗೆ ಇಳಿಸೋ ಜಾಗ ಐತೆ. ಯಾರೂ ಮುಟ್ಟಂಗಿಲ್ಲ. ಡೀನಾಗೇ ಬ್ರೇಕ್ ಒತ್ಕೊಂಡು ಬರ್ತಾರೆ."

ಭಾಗ 9/9

ಫೋಟೋ: ಹಂಪಿ. ವಿಜಯ ವಿಠ್ಠಲ ದೇವಸ್ಥಾನದ ದಾರಿಯ ಬ್ಯಾಟರಿ ಗಾಡಿ.

ಕೊನೆಗೆ ಕಾನೂನು. ಪರ್ಕಿನ್ಸ್ ಕೂರಿಸಿದ ಕಾಲ ಇದಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಗಿಯಾಗೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಗೇರ್‌ಬಾಕ್ಸಿಗೆ ಕೈ ಹಾಕೋ ಮುಂಚೆ ಆರ್‌ಟಿಒದಲ್ಲಿ ಲಿಖಿತವಾಗಿ ಕೇಳಿ, ವಿಮೆಯವರಿಗೂ ತಿಳಿಸಿ. ಲೋಡ್ ಗಾಡಿ ಅಪಘಾತ ಆದಾಗ ವಿಮೆಯವರು ಮೊದಲು ಹುಡುಕೋದು ಇಂಥದ್ದನ್ನೇ.

ಕಂಪ್ಲಿ ಹುಡುಗನ್ನ ಮೇಸ್ತ್ರಿ ಹತ್ರ ಕರ್ಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದೆಪ್ಪ?" ಹುಡುಗ ಸುಮ್ಮನಾದ. ಹಿಂದಿನ ಮಾಲೀಕ ಬದಲಾಯಿಸಿದ್ದನೋ ಇಲ್ಲವೋ, ಇವನೂ ಕೇಳಿರಲಿಲ್ಲ. ತೆಗೆದು ನೋಡಿದ್ರೆ ಎಣ್ಣೆ ಕರ್ರಗೆ, ಸುಟ್ಟ ವಾಸನೆ. ಒಳಗಿನ ಕ್ಲಚ್ ಪದರಗಳೇ ಸುಟ್ಟಿದ್ವು.

ಪರಿವರ್ತನೆ ಮಾಡಿಸಲಿಲ್ಲ. ಗುಜರಿ ಗಾಡಿ, ವೈರಿಂಗು, ಕೂಲಿ, ಕಾನೂನು ಎಲ್ಲ ಕೂಡಿಸಿದ್ರೆ ಲೆಕ್ಕ ಕೂರಲಿಲ್ಲ. ಗಾಡಿಯನ್ನ ಇದ್ದ ಸ್ಥಿತಿಯಲ್ಲೇ ಕೊಟ್ಟು, ನಷ್ಟ ತಿಂದು, ಹಳೇ ಗೇರ್ ಪಿಕಪ್ ತಗೊಂಡ. "ಗಾಡಿ ಬದಲಾಯಿಸೋ ಬದ್ಲು ಗಾಡಿನೇ ಬದಲಾಯಿಸಿದೆ ಅಣ್ಣಾ" ಅಂತ ನಕ್ಕ. ನಗು ಅಷ್ಟೇನೂ ಚೆನ್ನಾಗಿರಲಿಲ್ಲ.

ಅವನಿಗೆ ನಾನು ಹೇಳಿದ್ದು ಇಷ್ಟೇ. ಗಾಡಿ ಕೊಳ್ಳೋ ಮುಂಚೆ ಎರಡು ಪೆಡಲ್ಲೋ ಮೂರು ಪೆಡಲ್ಲೋ ಅಂತ ನೋಡೋಕ್ಕಿಂತ, ಇದು ಕೆಟ್ಟ ದಿನ ಬಿಚ್ಚಿ ಜೋಡಿಸೋರು ನಮ್ಮೂರಲ್ಲಿ ಇದಾರಾ ನೋಡು. ದೋಣಿಮಲೈ ಗೇಟಿನ ಒಳಗೂ ಹೊರಗೂ ಗೇರನ್ನ ತೀರ್ಮಾನಿಸಿದ್ದು ಅದೇ.

ಮೊನ್ನೆ ಹಂಪಿಯಲ್ಲಿ ಗೆಜ್ಜಲ ಮಂಟಪದ ಹತ್ರ ಬ್ಯಾಟರಿ ಗಾಡಿ ಹತ್ತಿದೆ. ಕ್ಲಚ್ಚಿಲ್ಲ, ಬದಲಾಯಿಸೋ ಗೇರಿಲ್ಲ, ಸದ್ದಿಲ್ಲ. ಸುಮಾರು ಒಂದು ಕಿಲೋಮೀಟರ್ ದಾರಿ, ಕೊನೆಗೆ ಕಲ್ಲಿನ ರಥ. ನಾಳೆ ಲೋಡ್ ಗಾಡಿಗಳೂ ಹಿಂಗೇ ಆದಾಗ ನಮ್ಮ ಗ್ಯಾರೇಜಿನ ಹುಡುಗರು ಬ್ಯಾಟರಿ ಬಿಚ್ಚೋದು ಕಲಿತಿರ್ತಾರಾ? ಎಂಜಿನ್ ಬದಲಾಯಿಸೋದು ಕಲಿತವರ ಮೊಮ್ಮಕ್ಕಳು ಅವರು. ಕಲಿಸೋರು ಸಿಕ್ಕರೆ ಕಲೀತಾರೆ.

ನಿಮ್ಮ ಮನೇಲಿ ಅದಿರು ಲಾರಿ ಓಡಿಸಿದೋರು ಇದ್ರೆ ಅವರನ್ನ ಕೇಳಿ, ಯಾವ ಗೇರಲ್ಲಿ ಇಳೀತಿದ್ರಿ ಅಂತ. ಹಳೇ ಫೋಟೋ ಇದ್ರೆ ಕಳಿಸಿ, ಮುಂದಿನ ಸರಣಿಗೆ ಬೇಕು.

#ಹೊಸಪೇಟೆ #ಸಂಡೂರು #ಕಂಪ್ಲಿ #ಹಂಪಿ #ಲಾರಿಕತೆ #ನಮ್ಮೂರಚರಿತ್ರೆ